ಹುದ್ದೆಯ ಹಿಂದಿರುವ ಹೊಣೆ: ನಾಗರಿಕ ಸೇವೆಗಳ ಪರಿಚಯ

ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ನಮ್ಮ ಮಗ ಐಎಎಸ್ ಆಗಬೇಕು, ನಮ್ಮ ಮಗಳು ಜಿಲ್ಲಾಧಿಕಾರಿ ಆಗಬೇಕು.’ ಈ ಹಂಬಲ ಸಹಜವಾದುದು, ಮೆಚ್ಚತಕ್ಕುದು. ಆದರೆ ಆ ಅಧಿಕಾರಿಯು ದಿನವಿಡೀ ಮಾಡುವ ಕೆಲಸವೇನೆಂದು ಕೇಳಿದರೆ ವಿವರಿಸಿ ಹೇಳಬಲ್ಲವರು ವಿರಳ. ವಾಹನ, ಬಂಗಲೆ, ಬೆಂಗಾವಲು ಎಲ್ಲರ ಕಣ್ಣಿಗೂ ಬೀಳುತ್ತವೆ. ಹೊಣೆಗಾರಿಕೆ ಕಣ್ಣಿಗೆ ಬೀಳುವುದಿಲ್ಲ. ಯುವಜನರು ತಮ್ಮ ಅಮೂಲ್ಯ ವರ್ಷಗಳನ್ನು ಈ ಪರೀಕ್ಷೆಗೆ ಮುಡಿಪಾಗಿಡುವ ಮುನ್ನ ಆ ಹೊಣೆಯನ್ನು ಅರಿಯಲೆಂಬ ಆಶಯದಿಂದ ಈ ವಿವರಗಳನ್ನು ನೀಡುತ್ತಿದ್ದೇವೆ.

ಕೇಂದ್ರ ಲೋಕಸೇವಾ ಆಯೋಗವು ಸಂವಿಧಾನದ 315ನೆಯ ವಿಧಿಯನ್ವಯ ಸ್ಥಾಪಿತವಾದ ಸಂಸ್ಥೆ. ಅದು ಪ್ರತಿವರ್ಷ ನಡೆಸುವ ನಾಗರಿಕ ಸೇವಾ ಪರೀಕ್ಷೆಯು ಹಲವಾರು ಸೇವೆಗಳಿಗೆ ತೆರೆದ ಒಂದೇ ಬಾಗಿಲು. 2023ರ ಪರೀಕ್ಷೆಯಲ್ಲಿ ಆಯ್ಕೆಯಾದವರು 1,016 ಮಂದಿ. ಆ ಸಾಲಿನಲ್ಲಿ ಆಡಳಿತ ಸೇವೆಗೆ 180, ಪೊಲೀಸ್ ಸೇವೆಗೆ 200, ವಿದೇಶಾಂಗ ಸೇವೆಗೆ 37 ಹುದ್ದೆಗಳಿದ್ದವು. ಅಂದರೆ ಗೆದ್ದವರಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವರಿಗೆ ದೊರೆಯುವುದು ನಮ್ಮಲ್ಲಿ ಅನೇಕರು ಹೆಸರನ್ನೂ ಕೇಳಿರದ ಸೇವೆಗಳು.

ಭಾರತೀಯ ಆಡಳಿತ ಸೇವೆಗೆ ಆಯ್ಕೆಯಾದವರು ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಾರೆ. ಕರ್ನಾಟಕಕ್ಕೆ ಬಂದವರು ಸಾಮಾನ್ಯವಾಗಿ ಮೊದಲು ಉಪವಿಭಾಗಾಧಿಕಾರಿಗಳಾಗುತ್ತಾರೆ. ತಹಶೀಲ್ದಾರರ ಆದೇಶದ ವಿರುದ್ಧ ರೈತರು ತರುವ ಪಹಣಿಯ ತಕರಾರುಗಳನ್ನು ಅವರು ಆಲಿಸುತ್ತಾರೆ. ಮಕ್ಕಳಿಂದ ಉಪೇಕ್ಷೆಗೊಳಗಾದ ತಂದೆತಾಯಿಗಳು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೋರಿ ಬರುವುದೂ ಅವರ ಮುಂದೆಯೇ. ಮುಂದೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ, ಜಿಲ್ಲಾಧಿಕಾರಿಯಾಗಿ ಗ್ರಾಮೀಣಾಭಿವೃದ್ಧಿ, ಕಂದಾಯ, ಚುನಾವಣೆ, ನೆರೆ-ಬರಗಳ ಪರಿಹಾರ ಮೊದಲಾದ ಕಾರ್ಯಗಳನ್ನು ನಿರ್ವಹಿಸುತ್ತಾರೆ.

ಭಾರತೀಯ ಪೊಲೀಸ್ ಸೇವೆಯವರಿಗೆ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಅಕಾಡೆಮಿಯಲ್ಲಿ ತರಬೇತಿ ದೊರೆಯುತ್ತದೆ. ಅಪರಾಧ ತನಿಖೆಯ ಮೇಲ್ವಿಚಾರಣೆ, ಶಾಂತಿ ಪಾಲನೆ, ಹಬ್ಬ-ಜಾತ್ರೆಗಳ ಬಂದೋಬಸ್ತು ಇವರ ಹೊಣೆ. ಎಲ್ಲರೂ ಹಬ್ಬ ಆಚರಿಸುವ ದಿನವೇ ಇವರಿಗೆ ಅಧಿಕ ದುಡಿಮೆಯ ದಿನ. ಈ ಎರಡೂ ಅಖಿಲ ಭಾರತ ಸೇವೆಗಳು. ಯಾವ ರಾಜ್ಯಕ್ಕಾದರೂ ನಿಯೋಜನೆಯಾಗಬಹುದು. ಕಲಬುರಗಿಯ ಮಗಳು ನಾಗಾಲ್ಯಾಂಡಿನ ಜನರ ಅಹವಾಲನ್ನು ಅವರ ನುಡಿಯಲ್ಲೇ ಕೇಳಲು ಕಲಿಯಬೇಕಾಗಬಹುದು. ಮಕ್ಕಳು ತಮ್ಮ ಊರಿಗೇ ಅಧಿಕಾರಿಯಾಗಿ ಬರುವರೆಂದು ನಿರೀಕ್ಷಿಸುವ ಹಿರಿಯರು ಇದನ್ನು ಗಮನಿಸಬೇಕು.

ವಿದೇಶಾಂಗ ಸೇವೆಯವರು ರಾಯಭಾರ ಕಚೇರಿಗಳಲ್ಲಿ ದೇಶವನ್ನು ಪ್ರತಿನಿಧಿಸುತ್ತಾರೆ. ದುಡಿಮೆಗೆಂದು ಹೋಗಿ ಸಂಕಷ್ಟಕ್ಕೆ ಸಿಲುಕಿದ ಭಾರತೀಯರಿಗೆ ನೆರವಾಗುವುದೂ, ಅಲ್ಲಿ ಮೃತಪಟ್ಟವರ ದೇಹವನ್ನು ತಾಯ್ನಾಡಿಗೆ ತಲುಪಿಸಲು ಸಹಕರಿಸುವುದೂ ಆ ಕಚೇರಿಗಳ ಕರ್ತವ್ಯ. ಕಂದಾಯ ಸೇವೆಯ ಎರಡು ಶಾಖೆಗಳಲ್ಲಿ ಒಂದು ಆದಾಯ ತೆರಿಗೆಯನ್ನೂ ಇನ್ನೊಂದು ಸುಂಕ ಹಾಗೂ ಪರೋಕ್ಷ ತೆರಿಗೆಗಳನ್ನೂ ನೋಡಿಕೊಳ್ಳುತ್ತದೆ. ಲೆಕ್ಕಪರಿಶೋಧನಾ ಸೇವೆಯವರು ಮಹಾಲೇಖಪಾಲರ ಅಧೀನದಲ್ಲಿ, ಸಾರ್ವಜನಿಕರ ಹಣ ಉದ್ದೇಶಿತ ಕಾರ್ಯಕ್ಕೇ ವ್ಯಯವಾಯಿತೇ ಎಂದು ಪರಿಶೀಲಿಸುತ್ತಾರೆ. ಅಂಚೆ, ರೈಲ್ವೆ, ರಕ್ಷಣಾ ಲೆಕ್ಕಪತ್ರ, ವಾರ್ತಾ ಸೇವೆಗಳೂ ಇವೆ. ಹಳ್ಳಿಯ ಅಜ್ಜಿಯ ಉಳಿತಾಯ ಅಂಚೆ ಕಚೇರಿಯಲ್ಲಿ ಭದ್ರವಾಗಿರುವುದರ ಹಿಂದೆ ಅಂಥ ಅಧಿಕಾರಿಗಳ ಶ್ರಮವೂ ಇದೆ.

ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ಸಾಮಾನ್ಯ ವರ್ಗದವರಿಗೆ 21ರಿಂದ 32 ವರ್ಷದೊಳಗೆ ಆರು ಅವಕಾಶಗಳಿವೆ. ಮೀಸಲು ವರ್ಗಗಳಿಗೆ ಸಡಿಲಿಕೆಯುಂಟು. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಹಂತಗಳಿವೆ. ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆಯಾದರೂ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು; ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯಬೇಕಿಲ್ಲ. ಇಂಗ್ಲಿಷನ್ನು ಓದಿ ಅರ್ಥೈಸಿಕೊಂಡು ಬರೆಯುವಷ್ಟು ಸಿದ್ಧತೆ ಮಾತ್ರ ಅಗತ್ಯ.

1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯ ಮೆಟ್ಕಾಫ್ ಹೌಸ್‌ನಲ್ಲಿ ತರಬೇತಿಯಲ್ಲಿದ್ದ ಅಧಿಕಾರಿಗಳನ್ನುದ್ದೇಶಿಸಿ ಮಾತನಾಡಿದರು. ಆ ದಿನವನ್ನು ಇಂದು ನಾಗರಿಕ ಸೇವಾ ದಿನವಾಗಿ ಆಚರಿಸಲಾಗುತ್ತದೆ. ಸಂವಿಧಾನದ 311ನೆಯ ವಿಧಿಯಂತೆ, ಅಪವಾದದ ಕೆಲವು ಸಂದರ್ಭಗಳನ್ನು ಬಿಟ್ಟರೆ, ವಿಚಾರಣೆಯಿಲ್ಲದೆ ಅಧಿಕಾರಿಯನ್ನು ವಜಾ ಮಾಡುವಂತಿಲ್ಲ. ಈ ರಕ್ಷಣೆ ಇರುವುದು ಒತ್ತಡಕ್ಕೆ ಮಣಿಯದೆ ಸತ್ಯವನ್ನು ಕಡತದಲ್ಲಿ ಬರೆಯಲೆಂದು. ತಮ್ಮವರಿಗೆ ಅನುಕೂಲ ಮಾಡಿಕೊಡುವ ಸಲುವಾಗಿ ಒಬ್ಬರು ಅಧಿಕಾರಿಯಾಗಲೆಂದು ನಾವು ಬಯಸಿದರೆ, ಆ ರಕ್ಷಣೆಯ ಅರ್ಥವನ್ನೇ ಮರೆತಂತಾಗುತ್ತದೆ.

ಯಾವ ಸೇವೆ ಮೊದಲು ಬೇಕೆಂಬ ಆದ್ಯತೆಯ ಕ್ರಮವನ್ನು ಅಭ್ಯರ್ಥಿಯೇ ಸೂಚಿಸಬೇಕು. ಅದನ್ನು ಪ್ರತಿಷ್ಠೆಯ ಲೆಕ್ಕದಿಂದ ತುಂಬದೆ, ‘ಈ ಕೆಲಸವನ್ನು ಮೂವತ್ತು ವರ್ಷ ಮನಃಪೂರ್ವಕವಾಗಿ ಮಾಡಬಲ್ಲೆನೇ?’ ಎಂದು ಕೇಳಿಕೊಂಡು ತುಂಬಲಿ. ಆಯ್ಕೆಯಾಗದವರ ಸಂಖ್ಯೆಯೇ ಬಹುಪಾಲು. ಆದ್ದರಿಂದ ಎಷ್ಟು ಪ್ರಯತ್ನಗಳ ಬಳಿಕ ಬೇರೆ ದಾರಿ ಹಿಡಿಯಬೇಕೆಂಬುದನ್ನು ಮನೆಮಂದಿ ಮೊದಲೇ ಮಾತನಾಡಿಕೊಳ್ಳುವುದು ಲೇಸು. ರಾಜ್ಯದ ಆಡಳಿತ ಸೇವೆ, ಬೋಧನೆ, ಬ್ಯಾಂಕು, ಕೃಷಿ, ಇವೆಲ್ಲವೂ ಗೌರವದ ಕಾಯಕಗಳೇ. ಪರೀಕ್ಷೆ ಮುಗಿಸಿ ಬರಿಗೈಯಲ್ಲಿ ಮನೆಗೆ ಮರಳಿದ ಮಗುವಿಗೆ ಮೊದಲು ದೊರೆಯಬೇಕಾದುದು ಹೆತ್ತವರ ಧೈರ್ಯದ ಮಾತು. ಅದನ್ನು ನೀಡುವ ಹೊಣೆ ನಮ್ಮೆಲ್ಲರದು.