ಮಕ್ಕಳ ವೈದ್ಯರಿಂದ ಹಿರಿಯರ ವೈದ್ಯರೆಡೆಗೆ: ಹುಟ್ಟು ಹೃದ್ರೋಗವುಳ್ಳ ತರುಣರ ಸಮಸ್ಯೆ

ವೈದ್ಯಶಾಸ್ತ್ರದ ಗೆಲುವುಗಳು ಹಳೆಯ ಸಮಸ್ಯೆಗಳನ್ನು ಬಿಡಿಸುವಂತೆಯೇ ಹೊಸ ಸಮಸ್ಯೆಗಳನ್ನು ಹುಟ್ಟಿಸುವುದೂ ಉಂಟು. ಹಿಂದೆ ಬಾಲ್ಯದಲ್ಲಿಯೇ ತೀರಿಹೋಗುತ್ತಿದ್ದ ಅನೇಕ ರೋಗಿಗಳು ಇಂದು ಪ್ರಾಪ್ತವಯಸ್ಕರಾಗುತ್ತಿದ್ದಾರೆ. ಹಾಗೆ ಬೆಳೆದವರು ಮಕ್ಕಳ ವೈದ್ಯರ ಆರೈಕೆಯನ್ನು ಬಿಟ್ಟು ಹಿರಿಯರ ವೈದ್ಯರ ಬಳಿಗೆ ಹೋಗಬೇಕಾಗುತ್ತದೆ. ಮೇಲುನೋಟಕ್ಕೆ ಇದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುವಷ್ಟೇ ಸುಲಭವಾಗಿ ತೋರುತ್ತದೆ. ವಾಸ್ತವದಲ್ಲಿ ಹಲವರು ಈ ಎರಡು ಬಾಗಿಲುಗಳ ನಡುವೆಯೇ ಕಾಣೆಯಾಗುತ್ತಾರೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ನಾವಿಲ್ಲಿ ಒಂದೇ ರೋಗದ ನಿದರ್ಶನದಿಂದ ಪರಿಶೀಲಿಸೋಣ.

ಆ ರೋಗಕ್ಕೆ ಫ್ಯಾಲೋನ ಚತುರ್ದೋಷವೆಂದು ಹೆಸರು. ಫ್ರೆಂಚ್ ವೈದ್ಯನಾದ ಫ್ಯಾಲೋ 1888ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದನು. ಹೃದಯದ ಕೆಳಗಣ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರ; ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ದಾರಿಯ ಸಂಕೋಚ; ಆ ರಂಧ್ರದ ಮೇಲೆಯೇ ಸರಿದು ನಿಂತ ಮಹಾಧಮನಿ; ಬಲಗೋಣೆಯ ಸ್ನಾಯುವಿನ ದಪ್ಪಗಾಗುವಿಕೆ: ಇವೇ ಆ ನಾಲ್ಕು ದೋಷಗಳು. ಇವುಗಳಿಂದಾಗಿ ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗದೆ, ಆಮ್ಲಜನಕ ಕಡಮೆಯಾದ ರಕ್ತವೇ ಮೈಯೆಲ್ಲ ಹರಿಯುತ್ತದೆ. ಮಗುವಿನ ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಶಸ್ತ್ರಚಿಕಿತ್ಸೆಯಿಲ್ಲದ ಕಾಲದಲ್ಲಿ ಇಂಥವರಲ್ಲಿ ಹೆಚ್ಚಿನವರು ಪ್ರಾಯಕ್ಕೆ ಬರುತ್ತಿರಲಿಲ್ಲ.

1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಸ್ಥಿತಿ ಬದಲಾಗತೊಡಗಿತು. ಮಕ್ಕಳ ಹೃದಯತಜ್ಞೆ ಹೆಲೆನ್ ಟೌಸಿಗ್ ಅವರ ಕಲ್ಪನೆ, ವಿವಿಯನ್ ಥಾಮಸ್ ಅವರ ಪ್ರಯೋಗಶಾಲೆಯ ದುಡಿಮೆ, ಆಲ್‌ಫ್ರೆಡ್ ಬ್ಲೇಲಾಕ್ ಅವರ ಶಸ್ತ್ರಕೌಶಲ ಇವು ಮೂರೂ ಕೂಡಿ, ತೋಳಿಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಜೋಡಿಸುವ ಕ್ರಮ ಸಿದ್ಧಿಸಿತು. ಇದರಿಂದ ನೀಲಿ ಇಳಿಯಿತು, ಮೂಲದೋಷ ಉಳಿಯಿತು. ಹೃದಯವನ್ನೇ ತೆರೆದು ದೋಷವನ್ನು ಸರಿಪಡಿಸುವ ಕಾರ್ಯವನ್ನು ಮಿನಿಯಾಪೊಲಿಸಿನಲ್ಲಿ ವಾಲ್ಟನ್ ಲಿಲ್ಲೆಹೈ ಅವರು 1954ರಲ್ಲಿ ಸಾಧಿಸಿದರು. ಅವರ ಅಂದಿನ ವಿಧಾನ ಗಮನಾರ್ಹವಾದುದು. ಮಗುವಿನ ರಕ್ತನಾಳಗಳನ್ನು ಇನ್ನೊಬ್ಬ ವ್ಯಕ್ತಿಯ, ಸಾಮಾನ್ಯವಾಗಿ ತಂದೆಯ ಅಥವಾ ತಾಯಿಯ, ರಕ್ತನಾಳಗಳಿಗೆ ಜೋಡಿಸುತ್ತಿದ್ದರು. ಶಸ್ತ್ರಕ್ರಿಯೆ ಮುಗಿಯುವವರೆಗೆ ಹಿರಿಯರ ದೇಹವೇ ಮಗುವಿಗಾಗಿ ಉಸಿರಾಡುತ್ತಿತ್ತು. ಮುಂದೆ ಯಂತ್ರ ಆ ಸ್ಥಾನವನ್ನು ವಹಿಸಿಕೊಂಡಿತು.

ಇಷ್ಟಾದ ಮೇಲೆ ರೋಗವು ವಾಸಿಯಾಯಿತೆಂದು ಭಾವಿಸುವುದು ಸಹಜ. ಆದರೆ ಸರಿಪಡಿಸಿದ ಹೃದಯ ದೋಷವೇ ಇಲ್ಲದ ಹೃದಯವಾಗುವುದಿಲ್ಲ. ಶ್ವಾಸಕೋಶದ ದಾರಿಯನ್ನು ಅಗಲಿಸುವಾಗ ಅಲ್ಲಿಯ ಕವಾಟ ಅನೇಕರಲ್ಲಿ ಸೋರತೊಡಗುತ್ತದೆ. ಪ್ರತಿ ಮಿಡಿತದಲ್ಲಿಯೂ ಕೊಂಚ ರಕ್ತ ಹಿಂದಕ್ಕೆ ಬರುತ್ತದೆ. ಬಲಗೋಣೆ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಇಪ್ಪತ್ತು ಮೂವತ್ತು ವರ್ಷಗಳವರೆಗೂ ರೋಗಿಗೆ ಇದರ ಅರಿವೇ ಆಗದಿರಬಹುದು. ಬಳಿಕ ಆಯಾಸ, ಮಿಡಿತದ ಏರುಪೇರು, ಅಪರೂಪವಾಗಿ ಹಠಾತ್ ಮರಣವೂ ಒದಗಬಹುದು. ಸಕಾಲದಲ್ಲಿ ಕಂಡುಕೊಂಡರೆ ಹೊಸ ಕವಾಟವನ್ನು ಇರಿಸಲು ಸಾಧ್ಯವಿದೆ. ಆದರೆ ಕಂಡುಕೊಳ್ಳಬೇಕಾದರೆ ರೋಗಿಯು ವೈದ್ಯರ ಕಣ್ಣ ಮುಂದೆ ಇರಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಅವನು ಹೊರಟುಹೋಗುವುದೇ ಇಲ್ಲಿಯ ಅಪಾಯ. ಏಕೆಂದರೆ ಹೊಳೆ ಇನ್ನೂ ಮುಗಿದಿರುವುದಿಲ್ಲ.

ಹೊರಟುಹೋಗಲು ಕಾರಣಗಳು ಹಲವು. ಮಕ್ಕಳ ಚಿಕಿತ್ಸಾಲಯದಲ್ಲಿ ಪ್ರಶ್ನೆಗಳಿಗೆ ಉತ್ತರ ಹೇಳುವವರು ತಾಯಿತಂದೆಯರು. ಔಷಧದ ಹೆಸರು, ಹಿಂದಿನ ಪರೀಕ್ಷೆಯ ಫಲ, ಮುಂದಿನ ಭೇಟಿಯ ದಿನ ಎಲ್ಲವೂ ಅವರ ನೆನಪಿನಲ್ಲಿರುತ್ತವೆ. ಹಿರಿಯರ ಚಿಕಿತ್ಸಾಲಯದಲ್ಲಿ ಪ್ರಶ್ನೆ ನೇರವಾಗಿ ರೋಗಿಗೇ ಬರುತ್ತದೆ. ಎರಡನೆಯ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಆದವನಿಗೆ ಎದೆಯ ಮೇಲಣ ಕಲೆಯ ಹೊರತು ಬೇರೇನೂ ತಿಳಿದಿರದಿರಬಹುದು. ಇದೇ ವೇಳೆಗೆ ವಿದ್ಯಾಭ್ಯಾಸ ಅಥವಾ ಉದ್ಯೋಗಕ್ಕಾಗಿ ಊರು ಬದಲಾಗುತ್ತದೆ. ಆಡಳಿತದ ಗಡಿಗಳೂ ಇಲ್ಲಿಯೇ ಬರುತ್ತವೆ. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟು ಹೃದ್ರೋಗವನ್ನು ಪತ್ತೆಹಚ್ಚಿ ಚಿಕಿತ್ಸೆಗೆ ಕಳುಹುತ್ತದೆ. ಅದರ ವ್ಯಾಪ್ತಿ 18 ವರ್ಷದವರೆಗೆ ಮಾತ್ರ. ರೋಗಕ್ಕೆ ಅಂತಹ ಗಡಿಯಿಲ್ಲ.

ಈ ನಷ್ಟದ ಪ್ರಮಾಣವನ್ನು ಕೆನಡಾದ ಟೊರಾಂಟೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಆರೈಕೆ ಪಡೆದವರ ಬಗೆಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಜಟಿಲ ಹೃದಯದೋಷಗಳಿದ್ದ, 19ರಿಂದ 21 ವರ್ಷದ 360 ತರುಣತರುಣಿಯರಲ್ಲಿ ಹಿರಿಯರ ವಿಶೇಷ ಕೇಂದ್ರವನ್ನು ಯಶಸ್ವಿಯಾಗಿ ಸೇರಿದ್ದವರು ಶೇಕಡ 47 ಮಂದಿ ಮಾತ್ರ. ಹಾಗೆ ಸೇರಿದವರಲ್ಲಿ ಎರಡು ಲಕ್ಷಣಗಳು ಎದ್ದುಕಂಡವು. ಮುಂದೆ ಎಲ್ಲಿಗೆ ಹೋಗಬೇಕೆಂಬ ಸೂಚನೆಯು ಅವರ ಕಡತದಲ್ಲಿ ಬರೆದಿಡಲ್ಪಟ್ಟಿತ್ತು; ಅವರು ತಾಯಿತಂದೆಯರಿಲ್ಲದೆ ತಾವೇ ವೈದ್ಯರನ್ನು ಕಾಣುವುದನ್ನು ರೂಢಿಸಿಕೊಂಡಿದ್ದರು.

ಈ ಎರಡನೆಯ ಲಕ್ಷಣದಲ್ಲಿಯೇ ವಿಷಯದ ತಿರುಳಿದೆಯೆಂದು ನಮ್ಮ ಅಭಿಪ್ರಾಯ. ಕಡತವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹುವುದು ವರ್ಗಾವಣೆ. ಅದು ಒಂದು ದಿನದ ಕೆಲಸ. ರೋಗದ ತಿಳಿವಳಿಕೆಯನ್ನೂ ಹೊಣೆಯನ್ನೂ ತಾಯಿತಂದೆಯರಿಂದ ಮಗ ಅಥವಾ ಮಗಳಿಗೆ ಒಪ್ಪಿಸುವುದು ಸಂಕ್ರಮಣ. ಅದಕ್ಕೆ ವರ್ಷಗಳೇ ಬೇಕು. ಅಮೆರಿಕದ ಹದಿಹರೆಯದ ವೈದ್ಯಶಾಸ್ತ್ರಸಂಘವು 1993ರಲ್ಲಿಯೇ ಇದನ್ನು ಉದ್ದೇಶಪೂರ್ವಕವಾಗಿ ಯೋಜಿಸಿದ ನಡೆಯೆಂದು ನಿರೂಪಿಸಿತು. ಬ್ರಿಟನ್ನಿನ 2016ರ ಮಾರ್ಗಸೂಚಿಯು 13 ಅಥವಾ 14ನೆಯ ವಯಸ್ಸಿನಿಂದಲೇ ಸಿದ್ಧತೆ ತೊಡಗಬೇಕೆಂದೂ, ಇಡೀ ಕಾರ್ಯಕ್ಕೆ ಗೊತ್ತಾದ ಒಬ್ಬ ವ್ಯಕ್ತಿ ಹೊಣೆಯಾಗಿರಬೇಕೆಂದೂ, ಸ್ಥಳ ಬದಲಾಗುವ ಮೊದಲೇ ತರುಣನು ಹೊಸ ವೈದ್ಯರನ್ನು ಕಾಣಬೇಕೆಂದೂ ಹೇಳುತ್ತದೆ.

ಆಚರಣೆಯಲ್ಲಿ ಇದು ಸರಳವಾದುದೇ. ಹದಿಮೂರರ ಹುಡುಗಿ ತನ್ನ ರೋಗದ ಹೆಸರನ್ನೂ, ಆದ ಶಸ್ತ್ರಕ್ರಿಯೆಯನ್ನೂ ತನ್ನ ಮಾತಿನಲ್ಲಿ ಹೇಳಲು ಕಲಿಯಬೇಕು. ಹದಿನೈದಕ್ಕೆ ಭೇಟಿಯ ಕೆಲವು ನಿಮಿಷಗಳನ್ನಾದರೂ ಒಬ್ಬಳೇ ವೈದ್ಯರೊಡನೆ ಕಳೆಯಬೇಕು. ಹಲ್ಲು ಒಸಡುಗಳ ಶುಚಿತ್ವ ಹೃದಯದ ಒಳಪೊರೆಯ ಸೋಂಕನ್ನು ಏಕೆ ತಡೆಯುತ್ತದೆ, ಗರ್ಭ ಧರಿಸುವ ಮೊದಲು ಹೃದಯತಜ್ಞರನ್ನು ಏಕೆ ಕಾಣಬೇಕು ಎಂಬುದು ಮದುವೆಯ ಮಾತು ಬರುವ ಮೊದಲೇ ಅವಳಿಗೆ ತಿಳಿದಿರಬೇಕು. ಇದೆಲ್ಲದರ ಸಾರಾಂಶ ಒಂದು ಹಾಳೆಯಲ್ಲಿ ಅವಳ ಕೈಯಲ್ಲಿಯೇ ಇರಬೇಕು. ನಮ್ಮ ಕುಟುಂಬಗಳಲ್ಲಿ ರೋಗದ ಸುದ್ದಿಯನ್ನು ಮಕ್ಕಳಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಮರೆಮಾಚುವುದುಂಟು. ಆ ಮೌನದ ಮೂಲ ಮಮತೆಯೇ ಆದರೂ ಫಲ ಅಹಿತವಾದುದು.

ಈ ವಿಷಯವನ್ನು ಕಾಲೇಜಿನ ಅಧ್ಯಾಪಕರ ಮುಂದಿಡಲು ಕಾರಣವುಂಟು. ಮಕ್ಕಳ ಆಸ್ಪತ್ರೆಯನ್ನು ಬಿಟ್ಟು ಹಿರಿಯರದನ್ನು ಇನ್ನೂ ಸೇರದ ಆ ತರುಣ ಇಂದು ನಮ್ಮ ತರಗತಿಯಲ್ಲಿಯೇ ಕುಳಿತಿರಬಹುದು. ಅವನು ವಿದ್ಯಾರ್ಥಿನಿಲಯಕ್ಕೆ ಸೇರಿದ ದಿನವೇ ಹತ್ತಿರದ ಹೃದಯತಜ್ಞರು ಯಾರೆಂದು ವಿಚಾರಿಸಲು ಹೇಳುವುದು, ವಾರ್ಷಿಕ ಪರೀಕ್ಷೆಗಾಗಿ ಹೋದ ದಿನ ಹಾಜರಿಯ ವಿಷಯದಲ್ಲಿ ಉದಾರವಾಗಿರುವುದು ನಮ್ಮಿಂದಾಗದ ಕೆಲಸವಲ್ಲ. ಒಂದು ಕಾಲದಲ್ಲಿ ಮಗುವಿಗಾಗಿ ತಂದೆಯೇ ಉಸಿರಾಡಿದ್ದುಂಟು. ಈಗ ಆ ಮಗು ಬೆಳೆದಿದೆ. ತನ್ನ ಹೃದಯದ ಲೆಕ್ಕವನ್ನು ತಾನೇ ಇಡಲು ಅದಕ್ಕೆ ಕಲಿಸಬೇಕಾಗಿದೆ.