ಗಾಲ್ಫ್ ಆಟದಲ್ಲಿ ಮಣಿಕಟ್ಟಿನ ನಿಲವು

ಗಾಲ್ಫ್ ಎಂಬುದು ಸ್ಕಾಟ್ಲೆಂಡಿನಿಂದ ಬಂದ ಆಟ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ನೆಯ ಇಸವಿಯಲ್ಲಿಯೇ ಸ್ಥಾಪಿತವಾಯಿತಾದರೂ, ನಮ್ಮ ಗೃಹಸ್ಥರು ಬಹುಕಾಲ ಈ ಆಟವನ್ನು ಬೇಲಿಯ ಹೊರಗಿನಿಂದ ನೋಡಿದವರೇ ಹೊರತು ಕೋಲು ಹಿಡಿದವರಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಎಂಬ ತರುಣಿಯು ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಪಂದ್ಯದಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದ ಮೇಲೆ, ಈ ಆಟದ ಮಾತು ನಮ್ಮ ಮನೆಗಳ ಜಗಲಿಗೂ ಬಂದಿದೆ. ಮಕ್ಕಳಿರಲಿ, ನಿವೃತ್ತರಾದ ಹಿರಿಯರೂ ಕೆಲವರು ಕೋಲು ಹಿಡಿಯುತ್ತಿದ್ದಾರೆ. ಇಂಥವರೆಲ್ಲರ ಮೊದಲ ದೂರು ಒಂದೇ: ಅಲುಗದೆ ಬಿದ್ದಿರುವ ಚೆಂಡು ಮೇಲಕ್ಕೆ ಏಳಲೊಲ್ಲದು, ಕೋಲು ಒಮ್ಮೆ ಹುಲ್ಲನ್ನು ಅಗೆಯುವುದು, ಒಮ್ಮೆ ಚೆಂಡಿನ ನೆತ್ತಿಯನ್ನು ಸವರಿ ಹೋಗುವುದು. ಇದಕ್ಕೆ ಬಹುಮಟ್ಟಿಗೆ ಕಾರಣವಾದುದು ಎಡಗೈಯ ಮಣಿಕಟ್ಟು. (ಬಲಗೈ ಬಳಕೆಯವರನ್ನು ಕುರಿತು ಹೇಳುತ್ತಿದ್ದೇನೆ; ಎಡಚರು ತಿರುಗಿಸಿ ಓದಿಕೊಳ್ಳತಕ್ಕದ್ದು.)

ಕೋಲು ಚೆಂಡನ್ನು ತಾಕುವ ಕ್ಷಣದಲ್ಲಿ ಎಡಗೈಯ ಹಿಂಬದಿಯು ಗುರಿಯ ಕಡೆಗೆ ಇರುವುದು. ಆಗ ಹಸ್ತವೂ ಮುಂದೋಳೂ ಒಂದೇ ಸಮವಾಗಿದ್ದರೆ ಉತ್ತಮ. ಮಣಿಕಟ್ಟು ಗುರಿಯ ಕಡೆಗೆ ತುಸು ಉಬ್ಬಿದ್ದರೂ ಬಾಧಕವಿಲ್ಲ. ಅದು ಹಿಂಬದಿಯಲ್ಲಿ ಗುಳಿಬಿದ್ದು ಬಾಗಿದರೆ ಮಾತ್ರ ಹೊಡೆತ ಕೆಟ್ಟಿತು. ಅಮೆರಿಕೆಯ ಬೆನ್ ಹೋಗನ್ ೧೯೫೭ರಲ್ಲಿ ಪ್ರಕಟವಾದ ತನ್ನ ‘ಐದು ಪಾಠಗಳು’ ಎಂಬ ಗ್ರಂಥದಲ್ಲಿ, ಒಳ್ಳೆಯ ಆಟಗಾರರೆಲ್ಲರಲ್ಲಿಯೂ ಈ ಕ್ಷಣದಲ್ಲಿ ಎಡ ಮಣಿಕಟ್ಟಿನ ಎಲುಬು ಗುರಿಯ ಕಡೆಗೆ ಎದ್ದಿರುವುದೆಂದೂ, ಅಪಕ್ವರಲ್ಲಿ ಇದಕ್ಕೆ ವಿಪರೀತವಾಗಿರುವುದೆಂದೂ ವಿವರಿಸಿದ್ದಾನೆ. ೧೯೪೯ರಲ್ಲಿ ತನ್ನ ಕಾರಿಗೆ ಬಸ್ಸು ಬಡಿದು ಮೈಯೆಲ್ಲ ಜಖಂ ಆದ ಈ ಮನುಷ್ಯನು ಮರುವರ್ಷವೇ ಅಮೆರಿಕೆಯ ಓಪನ್ ಪಂದ್ಯವನ್ನು ಗೆದ್ದವನು. ಆದಕಾರಣ ಈತನ ಮಾತು ಗಮನಾರ್ಹವಾದುದು.

ಮಣಿಕಟ್ಟು ಹೀಗಿರಬೇಕಾದರೆ ಕೈಗಳು ಕೋಲಿನ ತಲೆಗಿಂತ ಮುಂದಾಗಿ ಚೆಂಡಿನ ಬಳಿಗೆ ಬರಬೇಕು. ಇದನ್ನು ತಿಳಿಯಲು ಕ್ರೀಡಾಂಗಣಕ್ಕೆ ಹೋಗಬೇಕಾಗಿಲ್ಲ. ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ನೋಡಿದರೆ ಸಾಕು. ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಬೀಸುವಾಗ ಕೈ ಮೊದಲು ಇಳಿಯುವುದು. ಬಟ್ಟೆಯ ತುದಿ ಹಿಂದುಳಿದು, ಕಡೆಗೆ ಎಲ್ಲಕ್ಕಿಂತ ವೇಗವಾಗಿ ಬಂದು ಬಡಿಯುವುದು. ೧೯೬೮ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು ತಮ್ಮ ಗ್ರಂಥದಲ್ಲಿ ಗಾಲ್ಫ್ ಹೊಡೆತವನ್ನು ಒಂದಕ್ಕೊಂದು ಕೀಲಿಸಿದ ಎರಡು ದಂಡಗಳ ಬೀಸಿಗೆ ಹೋಲಿಸಿದುದೂ ಇದೇ ತತ್ತ್ವವನ್ನು ಹಿಡಿದು. ತೋಳು ಒಂದು ದಂಡ, ಕೋಲು ಇನ್ನೊಂದು, ಮಣಿಕಟ್ಟು ನಡುವಣ ಕೀಲು. ಕೀಲು ಅಕಾಲದಲ್ಲಿ ಬಿಚ್ಚಿಕೊಂಡರೆ ಕೋಲಿನ ವೇಗವು ಚೆಂಡನ್ನು ಮುಟ್ಟುವ ಮೊದಲೇ ವ್ಯಯವಾಗಿಹೋಗುವುದು.

ಹಾಗಾದರೆ ಜನರು ಮಣಿಕಟ್ಟನ್ನು ಏಕೆ ಬಾಗಿಸುತ್ತಾರೆ? ನನ್ನ ಮಟ್ಟಿಗೆ ಕಾಣುವ ಕಾರಣ, ಉಪಕರಣದಲ್ಲಿ ಅವಿಶ್ವಾಸ. ಚೆಂಡು ಮೇಲೇಳಬೇಕು, ಅದನ್ನು ತಾನೇ ಎತ್ತಬೇಕು ಎಂದು ಹೊಸಬನು ಭಾವಿಸಿ, ಸೌಟಿನಿಂದ ಪಾಯಸವನ್ನು ಮೊಗೆಯುವಂತೆ ಕೈಯನ್ನು ತಿರುಗಿಸುತ್ತಾನೆ. ಏಳನೆಯ ಸಂಖ್ಯೆಯ ಕಬ್ಬಿಣದ ಕೋಲಿನ ಮುಖವನ್ನು ಮಾಡಿದವರೇ ಸುಮಾರು ೩೦ ಡಿಗ್ರಿಗಳಷ್ಟು ಹಿಂದಕ್ಕೆ ಓರೆಮಾಡಿಟ್ಟಿದ್ದಾರೆ. ಎತ್ತುವ ಕೆಲಸ ಅದರದು. ಮೊಗೆದಾಗ ಕೋಲಿನ ತಲೆ ಕೈಗಳನ್ನು ದಾಟಿ, ಅದರ ವೃತ್ತದ ಅತಿ ಕೆಳಗಿನ ಬಿಂದುವು ಚೆಂಡಿಗಿಂತ ಹಿಂದೆ ಬೀಳುತ್ತದೆ. ನೆಲವನ್ನು ಅಗೆಯುವುದೂ ನೆತ್ತಿಯನ್ನು ಸವರುವುದೂ ಒಂದೇ ದೋಷದ ಎರಡು ಫಲಗಳು. ಸರಿಯಾದ ಹೊಡೆತದಲ್ಲಿ ಮೊದಲು ಚೆಂಡು, ಅನಂತರ ಹುಲ್ಲು.

ಎಲ್ಲರ ಮಣಿಕಟ್ಟನ್ನೂ ಒಂದೇ ಅಚ್ಚಿನಲ್ಲಿ ಹಾಕಲಾಗದು. ಎಡಗೈಯನ್ನು ಹಿಡಿಯ ಮೇಲೆ ಬಲಕ್ಕೆ ಹೆಚ್ಚಾಗಿ ಹೊರಳಿಸಿ ಹಿಡಿಯುವವರಲ್ಲಿ ಅಲ್ಪಸ್ವಲ್ಪ ಗುಳಿ ಸಹಜ. ೨೦೧೬ರ ಅಮೆರಿಕನ್ ಓಪನ್ ಗೆದ್ದ ಡಸ್ಟಿನ್ ಜಾನ್ಸನ್ನನ ಮಣಿಕಟ್ಟು ಕೋಲು ಮೇಲಿರುವಾಗಲೇ ಹೊರಕ್ಕೆ ಉಬ್ಬಿರುವುದು. ಅದನ್ನು ನೋಡಿ ಅನುಕರಿಸಹೊರಟರೆ ಕಷ್ಟ. ಇನ್ನು, ಕೋಲಿಗೂ ಚೆಂಡಿಗೂ ಸ್ಪರ್ಶವಿರುವುದು ಸೆಕೆಂಡಿನ ಸುಮಾರು ೨೦೦೦ನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಮಣಿಕಟ್ಟನ್ನು ಹೀಗೆ ಇಡಬೇಕೆಂದು ಯೋಚಿಸಿ ಇಡಬಲ್ಲ ಮನುಷ್ಯನು ಇಲ್ಲ. ಅಭ್ಯಾಸವನ್ನು ಮೊದಲೇ ಮಾಡಿಕೊಂಡಿರಬೇಕು.

ಐವತ್ತು ದಾಟಿದವರು ವಿಶೇಷವಾಗಿ ತಿಳಿಯತಕ್ಕ ವಿಷಯವೊಂದಿದೆ. ಮಣಿಬಂಧದಿಂದ ಕಿರುಬೆರಳಿನವರೆಗಿನ ಕೈಯ ಹೊರಭಾಗಕ್ಕೆ ಅಮರಕೋಶವು ‘ಕರಭ’ವೆಂದು ಹೆಸರಿಟ್ಟಿದೆ. ಆ ಕರಭದ ಬುಡದಲ್ಲಿ ಕೊಕ್ಕೆಯಂತೆ ಚಾಚಿದ ಸಣ್ಣ ಎಲುಬೊಂದು ಉಂಟು. ವೈದ್ಯರು ಅದನ್ನು ಹ್ಯಾಮೇಟ್ ಎನ್ನುವರು. ಕೋಲಿನ ಹಿಡಿಯ ತುದಿ ಒರಗುವುದು ಅಲ್ಲಿಯೇ. ಕೋಲು ನೆಲಕ್ಕೆ ಬಲವಾಗಿ ಬಡಿದಾಗ ಆ ಕೊಕ್ಕೆ ಮುರಿಯುವುದುಂಟು. ಸಾಮಾನ್ಯವಾದ ಎಕ್ಸ್‌ರೇ ಚಿತ್ರದಲ್ಲಿ ಮುರಿತ ಕಾಣದೆಯೂ ಹೋಗಬಹುದು. ಉಳುಕೆಂದು ಬಗೆದು ಎಣ್ಣೆ ತಿಕ್ಕುತ್ತ ಕುಳಿತರೆ, ಕಿರುಬೆರಳನ್ನು ಮಡಿಸುವ ಸ್ನಾಯುವಿನ ನಾರು ಕ್ರಮೇಣ ಸವೆದು ಹರಿದುಹೋದೀತು. ಅಂಗೈಯ ಆ ಭಾಗವನ್ನು ಒತ್ತಿದಾಗ ನೋವು ಹಲವು ದಿನ ನಿಂತರೆ ವೈದ್ಯರಿಗೆ ತೋರಿಸತಕ್ಕದ್ದು.

ಅಭ್ಯಾಸಕ್ಕೆ ಮನೆಯ ಹಿತ್ತಲೇ ಸಾಕು. ಎಡ ಮಣಿಕಟ್ಟಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿ, ಮೊಮ್ಮಕ್ಕಳ ಪೆಟ್ಟಿಗೆಯಿಂದ ಆರು ಅಂಗುಲದ ಅಳತೆಪಟ್ಟಿಯೊಂದನ್ನು ಎರವಲು ತಂದು, ಅರ್ಧ ಹಸ್ತದ ಹಿಂಬದಿಯ ಮೇಲೂ ಅರ್ಧ ಮುಂದೋಳಿನ ಮೇಲೂ ಇರುವಂತೆ ಅದರೊಳಗೆ ಸಿಕ್ಕಿಸಿಕೊಳ್ಳಬೇಕು. ಕೋಲನ್ನು ಸೊಂಟದ ಎತ್ತರ ಮೀರದಂತೆ ಮೆಲ್ಲಗೆ ಬೀಸಿ, ಚೆಂಡನ್ನು ಹತ್ತು ಹೆಜ್ಜೆಯ ದೂರಕ್ಕೆ ಮಾತ್ರ ಕಳುಹಿಸಬೇಕು. ಮಣಿಕಟ್ಟು ಗುಳಿಬಿದ್ದ ಕೂಡಲೆ ಪಟ್ಟಿಯು ಕೈಯನ್ನು ಚುಚ್ಚಿ ತಿಳಿಸುವುದು. ದಿನಕ್ಕೆ ಇಪ್ಪತ್ತು ಹೊಡೆತಗಳಿಗೆ ಮೀರಬಾರದು. ಚುಚ್ಚುವುದು ನಿಂತ ಮೇಲೆ ಪಟ್ಟಿಯನ್ನು ಮರಳಿ ಪೆಟ್ಟಿಗೆಯಲ್ಲಿ ಇಡಬಹುದು.