ಹಿಂದಕ್ಕೆ ಹರಿಯುವ ಹೊಳೆಯಲ್ಲಿ ಸ್ವಂತ ದೋಣಿ

ಮಂಗಳೂರಿನ ಎರಡು ಹೊಳೆಗಳೂ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತವೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿ ಬಂಟ್ವಾಳ ದಾಟಿ ನಗರದ ದಕ್ಷಿಣಕ್ಕೆ ಬರುತ್ತದೆ. ಫಲ್ಗುಣಿ ಎಂದೂ ಕರೆಸಿಕೊಳ್ಳುವ ಗುರುಪುರ ಹೊಳೆ ಉತ್ತರದಲ್ಲಿ ಕೂಳೂರು ದಾಟಿ, ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ಚಾಚಿದ ಮರಳುಪಟ್ಟಿಯ ಬೆನ್ನಿಗೆ, ಕಡಲಿನ ಪಕ್ಕದಲ್ಲೇ ಸಾಗುತ್ತದೆ. ಎರಡೂ ಸಮುದ್ರ ಸೇರುವುದು ಬೆಂಗ್ರೆಗೂ ಉಳ್ಳಾಲದ ಕೋಟೆಪುರಕ್ಕೂ ನಡುವೆ ಇರುವ ಒಂದೇ ಅಳಿವೆಯಲ್ಲಿ. ಕಡಲು ಉಬ್ಬಿದಾಗ ಆ ಬಾಗಿಲಿನಿಂದ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿದಾಗ ಹೊರಗೆ ಹೋಗುತ್ತದೆ. ರಾಯಚೂರು ಸೀಮೆಯ ಓದುಗರಿಗೆ ಇದು ಹೊಸದಾಗಿ ಕಾಣಬಹುದು. 5ಎ ಕಾಲುವೆಯ ನೀರಿಗಾಗಿ ಧರಣಿ ಕೂತ ಪಾಮನಕಲ್ಲೂರಿನವರಿಗೆ, ಶೀಲಹಳ್ಳಿ ಸೇತುವೆ ಮುಳುಗಿದೊಡನೆ ದಾರಿ ಕಡಿದುಕೊಳ್ಳುವ ಲಿಂಗಸುಗೂರಿನ ನಡುಗಡ್ಡೆಯವರಿಗೆ ಹೊಳೆ ಏರುವುದೆಂದರೆ ನಾರಾಯಣಪುರ ಜಲಾಶಯದ ಗೇಟು ತೆರೆಯುವುದು. ಅದು ಮನುಷ್ಯರ ತೀರ್ಮಾನ. ಮಂಗಳೂರಿನ ಹೊಳೆ ಏರುವುದು ಚಂದ್ರನ ಲೆಕ್ಕದಲ್ಲಿ. ಇಂಥ ಹೊಳೆಯಲ್ಲಿ ಸ್ವಂತ ಎಂಜಿನ್ ದೋಣಿ ಇಳಿಸಿ ನಗರದ ನಡುವೆ ಓಡಾಡುವ ಆಸೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಆ ದೋಣಿಗೆ ನಂಬರು ಸಿಗುವ ಮೊದಲು ಅದರ ಚುಕ್ಕಾಣಿ ಹಿಡಿಯುವವರಿಗೆ ಆ ಹೊಳೆಯ ಪಾಠವಾಗಬೇಕು, ಪಾಠ ಕಲಿಯುವುದಕ್ಕೆ ಬೇಕಾದ ಗುರುತುಗಳನ್ನು ಸರ್ಕಾರ ಹೊಳೆಯಲ್ಲೇ ಹಾಕಿಡಬೇಕು ಎಂಬುದು ಈ ಬರಹದ ವಾದ.

ಮೊದಲು ನೀರಿನ ಲೆಕ್ಕ ನೋಡೋಣ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಿಗ್ಗೆ ಹತ್ತಕ್ಕೆ ನೀರು ತುಂಬಿದ್ದರೆ ನಾಳೆ ತುಂಬುವುದು ಹತ್ತೂ ಮುಕ್ಕಾಲು ದಾಟಿದ ಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಮಂಗಳೂರಿನಲ್ಲಿ ಈ ಏರಿಳಿತ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸಿನದು. ಲಂಡನ್ ನಗರದ ನಡುವಿನ ಥೇಮ್ಸ್‌ನಲ್ಲಿ ಅದು ಸುಮಾರು 7 ಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ ನಮ್ಮದು ಏನೂ ಅಲ್ಲ, ಇಷ್ಟಕ್ಕೆ ಪಾಠ ಯಾಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೊಳೆಯ ತಳದಲ್ಲಿದೆ. ಹತ್ತು ಮೀಟರ್ ಆಳವಿರುವ ಕಡೆ ಒಂದು ಮೀಟರ್ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಂಗ್ರೆಯ ಬದಿಯಲ್ಲಿ, ಉಳ್ಳಾಲದ ಕುದ್ರುಗಳೆಂಬ ನಡುಗಡ್ಡೆಗಳ ಸುತ್ತ, ಸೊಂಟದಷ್ಟೇ ನೀರಿರುವ ಹೊಯ್ಗೆಯ, ಅಂದರೆ ಮರಳಿನ, ದಿಬ್ಬಗಳ ಮೇಲೆ ಒಂದು ಮೀಟರ್ ಇಳಿದರೆ ಹೊಳೆಯ ಜಾಗದಲ್ಲಿ ನೆಲ ಕಾಣುತ್ತದೆ. ಏರಿಳಿತ ಸಣ್ಣದಾದಷ್ಟೂ ಹೊಸಬರು ಅದನ್ನು ಗಮನಿಸುವುದು ಕಡಿಮೆ. ಮಂಗಳೂರಿನ ಹೊಳೆಯ ಅಪಾಯ ಇರುವುದು ಅಲ್ಲೇ.

ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಾವಿಕರು ಹನ್ನೆರಡು ಪಾಲಿನ ಲೆಕ್ಕ ಹಿಡಿಯುತ್ತಾರೆ. ಆರು ಗಂಟೆಯಲ್ಲಿ 120 ಸೆಂಟಿಮೀಟರ್ ಇಳಿಯುವ ದಿನ ಮೊದಲ ಗಂಟೆಯಲ್ಲಿ ಇಳಿಯುವುದು 10, ಎರಡನೆಯದರಲ್ಲಿ 20, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 30, ಆಮೇಲೆ 20, ಕೊನೆಗೆ 10. ಹೊಳೆಯಲ್ಲಿ ಮಳೆನೀರಿನ ಹರಿವು ಸೇರಿದಾಗ ಈ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ, ಆದರೂ ಅಂದಾಜಿಗೆ ಇದು ಸಾಕು. ಹೊರಡುವಾಗ ನೀರು ನಿಂತಂತೆ ಕಾಣುತ್ತದೆ; ಎರಡು ಗಂಟೆ ಸುತ್ತಾಡಿ ತಿರುಗುವ ಹೊತ್ತಿಗೆ ಅದು ಓಡತೊಡಗಿರುತ್ತದೆ. ಏರುವ ನೀರಿನಲ್ಲಿ ದೋಣಿ ಮರಳಿಗೆ ಹತ್ತಿದರೆ ಸ್ವಲ್ಪ ಹೊತ್ತು ಕಾದರಾಯಿತು, ನೀರೇ ಎತ್ತಿ ಬಿಡಿಸುತ್ತದೆ. ಇಳಿಯುವ ನೀರಿನಲ್ಲಿ ಹತ್ತಿದರೆ ಗಂಟೆಗಟ್ಟಲೆ ಅಲ್ಲೇ. ಹುಣ್ಣಿಮೆಯ ಉಬ್ಬರದ ತುತ್ತತುದಿಯಲ್ಲಿ ಹತ್ತಿ ಕೂತರಂತೂ ಅಷ್ಟೇ ಎತ್ತರದ ನೀರು ಮತ್ತೆ ಬರುವುದು ಅಮಾವಾಸ್ಯೆಗೆ. ಹೊಳೆ ಬಲ್ಲವರು ಗೊತ್ತಿಲ್ಲದ ಜಾಗಕ್ಕೆ ಏರುನೀರಿನಲ್ಲೇ ಹೋಗುತ್ತಾರೆ, ಇಳಿನೀರಿನಲ್ಲಿ ಅತ್ತ ಸುಳಿಯುವುದಿಲ್ಲ.

ದಡಕ್ಕೆ ಕಟ್ಟುವ ಹಗ್ಗದ ಸಂಗತಿಯನ್ನೇ ನೋಡಿ. ಕೆರೆಯಲ್ಲಾದರೆ ದೋಣಿಯನ್ನು ಗೂಟಕ್ಕೆ ಬಿಗಿದು ಕಟ್ಟಿ ಮನೆಗೆ ಹೋಗಬಹುದು. ಬಂದರಿನ ದಕ್ಕೆಯಲ್ಲಿ, ತುಂಬಿದ ನೀರಿನ ಹೊತ್ತಿಗೆ ಹಾಗೆ ಬಿಗಿದು ಕಟ್ಟಿದರೆ ನೀರು ಇಳಿಯುತ್ತಿದ್ದಂತೆ ಹಗ್ಗ ಸೆಟೆದು, ದೋಣಿಯ ಒಂದು ಮಗ್ಗುಲು ಮೇಲಕ್ಕೆ ಎಳೆದುಕೊಂಡು, ಇನ್ನೊಂದು ಮಗ್ಗುಲಿಗೆ ನೀರು ನುಗ್ಗುತ್ತದೆ. ಅದಕ್ಕೇ ಹಗ್ಗವನ್ನು ಮುಂದಕ್ಕೂ ಹಿಂದಕ್ಕೂ ಓರೆಯಾಗಿ, ಉದ್ದ ಬಿಟ್ಟು ಕಟ್ಟುವುದು. ನೀರಿನ ಜೊತೆ ಏರಿ ಇಳಿಯುವ ತೇಲುಕಟ್ಟೆ ಇದ್ದರೆ ಇನ್ನೂ ಒಳ್ಳೆಯದು. ದಡ ಸೇರುವಾಗ ದೋಣಿಯ ಮೂತಿ ಹರಿವಿಗೆ ಎದುರಾಗಿರಬೇಕು. ಹರಿವು ಬೆನ್ನಿಗಿದ್ದರೆ ಎಂಜಿನ್ ನಿಲ್ಲಿಸಿದ ಮೇಲೂ ದೋಣಿ ನಿಲ್ಲುವುದಿಲ್ಲ, ವೇಗ ಕಡಿಮೆಯಾದಷ್ಟೂ ಚುಕ್ಕಾಣಿ ಮಾತು ಕೇಳುವುದಿಲ್ಲ. ಬೆಳಿಗ್ಗೆ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಉತ್ತರಕ್ಕೆ ಮೂತಿ ಮಾಡಿ ನಿಲ್ಲಿಸಿದವರು ಮಧ್ಯಾಹ್ನ ಅದೇ ಜಾಗದಲ್ಲಿ ದಕ್ಷಿಣಕ್ಕೆ ಮಾಡಿ ನಿಲ್ಲಿಸಬೇಕಾದೀತು. ಸೇತುವೆಗಳ ಕೆಳಗೂ ಹೀಗೆಯೇ. ಉಬ್ಬರದಲ್ಲಿ ತೊಲೆ ಮತ್ತು ನೀರಿನ ನಡುವಿನ ಎತ್ತರ ಕಡಿಮೆ, ಇಳಿತದಲ್ಲಿ ಕಂಬಗಳ ನಡುವೆ ನೀರು ಬಿರುಸು. ಕಾರವಾರದಲ್ಲಿ 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿತು. ಅಂಥ ಅವಶೇಷ ನೀರಿನ ಕೆಳಗೆ ಎಲ್ಲಿದೆ ಎಂಬುದು ಊರಿನ ಮೀನುಗಾರರಿಗೆ ಗೊತ್ತಿರುತ್ತದೆ, ಹೊರಗಿನಿಂದ ದೋಣಿ ತಂದವರಿಗೆ ಗೊತ್ತಿರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಅಳಿವೆ. ಹೊಳೆ ಹೊತ್ತು ತಂದ ಮರಳು, ಕಡಲು ತಳ್ಳಿ ತಂದ ಮರಳು ಎರಡೂ ಅಲ್ಲಿ ಕೂಡಿ ದಿಬ್ಬ ಕಟ್ಟುತ್ತವೆ. ಮಂಗಳೂರಿನ ವ್ಯಾಪಾರದ ಚರಿತ್ರೆಯನ್ನೇ ಈ ದಿಬ್ಬ ಬರೆದಿದೆ. ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಈ ಸುಲ್ತಾನ್ ಬತ್ತೇರಿ ಎಂಬ ಕಾವಲುಗೋಪುರ ಕಟ್ಟಿಸಿದ್ದು ಶತ್ರುಗಳ ಹಡಗು ಗುರುಪುರ ಹೊಳೆಗೆ ನುಗ್ಗದಿರಲಿ ಎಂದು. ಆಮೇಲಿನ ಕಾಲದ ದೊಡ್ಡ ಹಡಗುಗಳಿಗೆ ಈ ಅಳಿವೆಯೇ ತಡೆಯಾಯಿತು. ಅವು ಕಡಲಲ್ಲೇ ಲಂಗರು ಹಾಕುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಅಳಿವೆ ದಾಟಿ ಬಂದರಿಗೆ ಬರುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಗೆ ಹೊಳೆಯೇ ರಸ್ತೆಯಾಗಿತ್ತು. ಜೇಡಿಮಣ್ಣು ಬರುತ್ತಿದ್ದುದು ದೋಣಿಯಲ್ಲಿ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೇ ಬಂದರು ಮೀನುಗಾರಿಕೆ ದೋಣಿಗಳಿಗೂ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಸರಕು ದೋಣಿಗಳಿಗೂ ಉಳಿಯಿತು. ಅವರೆಲ್ಲ ಇಂದಿಗೂ ನೀರು ನೋಡಿಯೇ ಅಳಿವೆ ದಾಟುವುದು. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ, ಗಾಳಿ ತಂದ ತೆರೆ ಒಳಗೆ ಬರುತ್ತಿರುತ್ತದೆ, ಇಳಿತದ ನೀರು ಅದಕ್ಕೆದುರಾಗಿ ಹೊರಗೆ ಹೋಗುತ್ತಿರುತ್ತದೆ. ಆಗ ದಿಬ್ಬದ ಮೇಲೆ ತೆರೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಹೊಳೆಯೊಳಗೆ ಓಡಿಸುವುದಕ್ಕೆಂದು ಕೊಂಡ ತಗ್ಗು ಅಂಚಿನ ದೋಣಿ ಆ ಹೊತ್ತಿನಲ್ಲಿ ಅಳಿವೆಯ ಹತ್ತಿರವೂ ಹೋಗಬಾರದು.

ಕಾನೂನು ಈ ವಿಷಯದಲ್ಲಿ ಎಷ್ಟು ದೂರ ಬಂದಿದೆ? 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ಅದರಲ್ಲಿ ಗುರುಪುರ ಹೊಳೆ 43ನೆಯದು, ನೇತ್ರಾವತಿ 74ನೆಯದು. ತುಂಗಭದ್ರೆಗೂ ಒಂದು ನಂಬರು ಇದೆ, ಗಲಗಲಿಯಿಂದ ಕೆಳಗಿನ ಕೃಷ್ಣೆ 4ನೆಯ ಜಲಮಾರ್ಗದ ಭಾಗ. ನಂಬರು ಬಂದಷ್ಟಕ್ಕೆ ಹೊಳೆ ದಾರಿಯಾಗುವುದಿಲ್ಲ ಎಂಬುದು ಹರಿಗೋಲಿನಲ್ಲಿ ಕೃಷ್ಣೆ ದಾಟಿದವರಿಗೆ ಯಾರೂ ಹೇಳಬೇಕಾಗಿಲ್ಲ. ದೋಣಿಗಳ ಮಟ್ಟಿಗೆ ಮುಖ್ಯವಾದದ್ದು 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ. ಒಳನಾಡು ನೀರಿನಲ್ಲಿ ಓಡುವ ಎಂಜಿನ್ ದೋಣಿಗೆ ತಪಾಸಣೆ, ನೋಂದಣಿ, ವಿಮೆ, ನಡೆಸುವವರಿಗೆ ಅರ್ಹತೆಯ ಪತ್ರ ಇವೆಲ್ಲ ಅದರಲ್ಲಿವೆ. ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಇದು ಒಳ್ಳೆಯ ಸುಧಾರಣೆ, ಅದನ್ನು ಮನಸಾರೆ ಒಪ್ಪಬೇಕು. ಆದರೆ ಜಲಾಶಯದ ನಿಂತ ನೀರಿಗೆಂದು ನೋಂದಾಯಿಸಿದ ದೋಣಿಯನ್ನು ಟ್ರೇಲರಿನಲ್ಲಿ ತಂದು ಗುರುಪುರ ಹೊಳೆಗೆ ಇಳಿಸಿದಾಗ ಆ ಕಾಗದ ದೋಣಿಯ ಗಟ್ಟಿತನಕ್ಕೆ ಸಾಕ್ಷಿ ಹೇಳಬಲ್ಲದೇ ಹೊರತು ಓಡಿಸುವವರಿಗೆ ಬೆಂಗ್ರೆಯ ಮರಳು ಗೊತ್ತಿದೆಯೇ ಎಂಬುದಕ್ಕಲ್ಲ.

ಮೀನುಗಾರರು ಯಾವ ತರಗತಿಗೂ ಹೋಗದೆ ತಲೆಮಾರುಗಳಿಂದ ಇದೇ ನೀರಿನಲ್ಲಿ ಓಡಾಡುತ್ತಿಲ್ಲವೇ ಎಂಬ ಮಾತು ಬರುತ್ತದೆ. ಓಡಾಡುತ್ತಿದ್ದಾರೆ, ಯಾಕೆಂದರೆ ಅವರ ತರಗತಿ ದೋಣಿಯಲ್ಲೇ ಆಗಿದೆ. ಅಪ್ಪನ ಜೊತೆ, ಮಾವನ ಜೊತೆ ವರ್ಷಗಟ್ಟಲೆ ಹೋಗಿ ನೀರಿನ ಬಣ್ಣ ನೋಡಿಯೇ ಆಳ ಹೇಳುವುದನ್ನು ಅವರು ಕಲಿತಿರುತ್ತಾರೆ. ದೋಣಿಯನ್ನು ದುಡ್ಡು ಕೊಟ್ಟು ತಂದವರಿಗೆ ಆ ಕಲಿಕೆ ದೋಣಿಯ ಜೊತೆ ಬರುವುದಿಲ್ಲ. ರಸ್ತೆಯ ಅಭ್ಯಾಸ ನೀರಿನಲ್ಲಿ ಕೈಕೊಡುವುದೂ ಉಂಟು. ನಮ್ಮ ರಸ್ತೆಯಲ್ಲಿ ಎಡಕ್ಕೆ ಹೋಗಬೇಕು, ಕಿರಿದಾದ ಜಲಮಾರ್ಗದಲ್ಲಿ ಬಲಕ್ಕೆ. ಎದುರುಬದುರಾದ ಎರಡು ಎಂಜಿನ್ ದೋಣಿಗಳು ಎರಡೂ ಬಲಕ್ಕೇ ತಿರುಗಬೇಕು ಎಂಬುದು 1972ರ ಅಂತರರಾಷ್ಟ್ರೀಯ ನಿಯಮ. ಗಾಬರಿಯಲ್ಲಿ ಕಾರಿನ ಅಭ್ಯಾಸದಂತೆ ಎಡಕ್ಕೆ ಎಳೆದರೆ ನೇರ ಡಿಕ್ಕಿ. ಕಿರಿದಾದ ಕಾಲುವೆ ಬಿಟ್ಟು ಬೇರೆಡೆ ಹೋಗಲಾರದ ದೊಡ್ಡ ಹಡಗಿಗೆ 20 ಮೀಟರಿಗಿಂತ ಸಣ್ಣ ದೋಣಿ ಅಡ್ಡಿಯಾಗಬಾರದು. ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವವರು, ಬೀಸುಬಲೆಯವರು ಇರುವ ಕಡೆ ವೇಗ ಇಳಿಸಬೇಕು. ವೇಗದ ದೋಣಿ ಎಬ್ಬಿಸುವ ಅಲೆ ಅವರ ಪುಟ್ಟ ದೋಣಿಯನ್ನು ಮಗುಚಬಲ್ಲದು, ಬೆಂಗ್ರೆಯ ದಡವನ್ನೂ ಕೊರೆಯುತ್ತದೆ. ಎಂಜಿನ್ನಿನ ಸುರಕ್ಷಾ ಬಳ್ಳಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದರೆ ನಡೆಸುವವರು ನೀರಿಗೆ ಬಿದ್ದ ಕ್ಷಣ ಎಂಜಿನ್ ನಿಲ್ಲುತ್ತದೆ. ಕಟ್ಟಿಕೊಳ್ಳದಿದ್ದರೆ ಖಾಲಿ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರಬಹುದು.

ಇಷ್ಟೆಲ್ಲ ಅಪಾಯವಿದ್ದರೆ ಖಾಸಗಿ ದೋಣಿಗಳನ್ನೇ ನಿಷೇಧಿಸಬಾರದೇಕೆ? ಇದು ಬಲವಾದ ಆಕ್ಷೇಪ. ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡದ್ದನ್ನು ನೆನೆದರೆ ಅದಕ್ಕೆ ಇನ್ನಷ್ಟು ತೂಕ ಬರುತ್ತದೆ. ಸತ್ತವರಲ್ಲಿ ಹೆಚ್ಚಿನವರು ಹಾವೇರಿ ಕಡೆಯವರು, ಕಡಲ ನೀರಿನ ಪರಿಚಯವಿಲ್ಲದ ಬಯಲುಸೀಮೆಯವರು. ಅದು ಸ್ವಂತ ದೋಣಿಯ ವಿಹಾರವಲ್ಲ, ಆದರೂ ಅಂಥ ಸಾವುಗಳನ್ನು ತಡೆಯುವುದು ಹೇಗೆ ಎಂಬುದು ಎರಡಕ್ಕೂ ಒಂದೇ ಪ್ರಶ್ನೆ. ಥೇಮ್ಸ್‌ನಲ್ಲಿ 1989ರ ಆಗಸ್ಟ್‌ನಲ್ಲಿ ಮಾರ್ಷನೆಸ್ ಎಂಬ ವಿಹಾರ ದೋಣಿಗೆ ಹೂಳೆತ್ತುವ ಹಡಗು ಡಿಕ್ಕಿ ಹೊಡೆದು 51 ಜನ ಸತ್ತರು. ಲಂಡನ್ ವಿಹಾರ ದೋಣಿಗಳನ್ನು ಹೊಳೆಯಿಂದ ಓಡಿಸಲಿಲ್ಲ. ವಿಚಾರಣೆ ನಡೆಯಿತು, 2002ರಲ್ಲಿ ನಗರದೊಳಗೇ ಜೀವರಕ್ಷಕ ದೋಣಿಗಳ ಠಾಣೆಗಳು ಬಂದವು. ನಿಷೇಧ ಹಾಕಿದ ಕಡೆ ದೋಣಿಗಳು ಕದ್ದು ಇಳಿಯುತ್ತವೆ, ರಾತ್ರಿ ದೀಪವಿಲ್ಲದೆ ಓಡುತ್ತವೆ, ಮುಳುಗಿದಾಗ ನೆರವಿಗೆ ಕರೆಯುವುದಕ್ಕೂ ಅದರಲ್ಲಿರುವವರು ಹೆದರುತ್ತಾರೆ. ಹೊಳೆಯಿಂದ ಜನರನ್ನು ದೂರವಿಟ್ಟ ನಗರ ಹೊಳೆಗೆ ಬೆನ್ನು ಹಾಕಿ, ಕೊನೆಗೆ ಅದನ್ನು ಕೊಳಚೆ ಬಿಡುವ ಜಾಗ ಮಾಡಿಕೊಳ್ಳುತ್ತದೆ ಎಂಬ ಭಯವೂ ನನಗಿದೆ.

ಇದು ಉಳ್ಳವರ ಶೋಕಿ, ಇದಕ್ಕೆ ಸಾರ್ವಜನಿಕರ ಹಣ ಯಾಕೆ ಎನ್ನುವವರ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ದೋಣಿಗೆ ಹಣ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಬೇಕಾದದ್ದು ಆಳದ ಕಾಲುವೆಯ ಎರಡು ಬದಿಗೆ ತೇಲುಗುರುತು: ಭಾರತ ಪಾಲಿಸುವ ಪದ್ಧತಿಯಲ್ಲಿ ಕಡಲಿನಿಂದ ಒಳಬರುವವರ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಕೂಳೂರು ಸೇತುವೆ, ನೇತ್ರಾವತಿ ಸೇತುವೆ, ಸುಲ್ತಾನ್ ಬತ್ತೇರಿಯ ಕಡವು ಇಲ್ಲೆಲ್ಲ ನೀರಿನ ಮಟ್ಟ ತೋರುವ ಅಳತೆಪಟ್ಟಿ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಬಂದರುಗಳ ಉಬ್ಬರವಿಳಿತದ ವೇಳಾಪಟ್ಟಿ ಪ್ರಕಟಿಸುತ್ತದೆ, ಆದರೆ ಪಣಂಬೂರಿನಲ್ಲಿ ನೀರು ತುಂಬಿದ ಹೊತ್ತಿಗೇ ಹೊಳೆಯ ಮೇಲ್ಭಾಗದಲ್ಲಿ ತುಂಬುವುದಿಲ್ಲ. ಅಲೆ ಅಲ್ಲಿಗೆ ತಲುಪುವುದು ತಡವಾಗಿ. ಆ ವ್ಯತ್ಯಾಸವನ್ನು ಸ್ಥಳದಲ್ಲೇ ಅಳೆದು ಕನ್ನಡದಲ್ಲಿ ಬರೆದು ಹಾಕಬೇಕು. ಇದರ ಲಾಭ ಮೊದಲು ಸಿಗುವುದು ಬಂದರಿಗೂ ಬೆಂಗ್ರೆಗೂ ನಡುವೆ ದಿನವೂ ಫೆರಿಯಲ್ಲಿ ದಾಟುವವರಿಗೆ, ಮುಂಜಾನೆ ಕತ್ತಲಲ್ಲಿ ದಕ್ಕೆಗೆ ಬರುವ ದೋಣಿಗಳಿಗೆ, ನೆರೆಯಲ್ಲಿ ಜನರನ್ನು ಸಾಗಿಸಬೇಕಾದ ಅಗ್ನಿಶಾಮಕ ದಳಕ್ಕೆ. ಖಾಸಗಿ ದೋಣಿಯವರಿಂದ ಶುಲ್ಕ ಪಡೆದು ಈ ಖರ್ಚಿನ ಒಂದು ಪಾಲು ತೂಗಿಸಬಹುದು.

ಗುರುತು ಒಮ್ಮೆ ಹಾಕಿ ಮರೆಯುವ ಕೆಲಸವೂ ಅಲ್ಲ. ಜೂನ್ ಬಂತೆಂದರೆ ಘಟ್ಟದ ಮಳೆನೀರು ಉಬ್ಬರವನ್ನೇ ಅದುಮಿ, ಹೊಳೆ ರಾತ್ರಿ ಹಗಲು ಕಡಲಿನ ಕಡೆಗೇ ಓಡುತ್ತದೆ; ಮರದ ದಿಮ್ಮಿಗಳು ತೇಲಿಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು ಆ ದೋಣಿಗಳೂ ದಕ್ಕೆಯಲ್ಲೇ ನಿಂತಿರುತ್ತವೆ. ವಿಹಾರದ ದೋಣಿ ಆ ದಿನಗಳಲ್ಲಿ ದಡದ ಮೇಲೆ, ಮುಚ್ಚಿಗೆಯ ಕೆಳಗೆ ಇರಬೇಕು. ಮಳೆ ನಿಂತ ಮೇಲೆ ಹೊಯ್ಗೆ ಹಿಂದಿನ ವರ್ಷದ ಜಾಗದಲ್ಲಿ ಇರುವುದಿಲ್ಲ. ಅಕ್ಟೋಬರಿನಲ್ಲಿ ಬಂದರು ಇಲಾಖೆ ಹೊಸದಾಗಿ ಆಳ ಅಳೆಸಬೇಕು. ಆ ಕೆಲಸಕ್ಕೆ ಬೆಂಗ್ರೆಯ, ಉಳ್ಳಾಲದ ದೋಣಿಯವರನ್ನೇ ಕೂಲಿ ಕೊಟ್ಟು ಸೇರಿಸಿಕೊಂಡರೆ ಮರಳು ಎತ್ತ ಸರಿದಿದೆ ಎಂದು ಅವರು ಉಪಕರಣ ನೀರಿಗಿಳಿಸುವ ಮೊದಲೇ ತೋರಿಸುತ್ತಾರೆ. ಹೊಸ ದೋಣಿಯವರಿಗೆ ಹೊಳೆಯ ಪಾಠ ಹೇಳುವುದಕ್ಕೂ ಅವರೇ ಸರಿಯಾದವರು. ಅವರ ಜೊತೆ ಒಂದು ಅಮಾವಾಸ್ಯೆಯ ಇಳಿತ, ಒಂದು ಅಷ್ಟಮಿಯ ಉಬ್ಬರ ಎರಡನ್ನೂ ಹೊಳೆಯಲ್ಲಿ ಕಂಡ ಮೇಲೆಯೇ ಚುಕ್ಕಾಣಿಗೆ ಅನುಮತಿ ಕೊಡುವಂತಾಗಲಿ.